ಅರೆದಲೆಯ ನೋವಿಗೆ ಕುಲವುಂಟೆ?

ಹರಪನಹಳ್ಳಿಯ ಸಂತೆಯಲ್ಲಿ ಅರ್ಧ ತಾಸು ನಿಂತು ಕಿವಿಗೊಟ್ಟವರಿಗೆ ನಾಲ್ಕೈದು ನುಡಿಗಳಾದರೂ ಕೇಳಿಬರುವುವು. ಕನ್ನಡವು ನೆಲದ ಮಾತು. ಅದರೊಡನೆ ಮೂಡಲ ಸೀಮೆಯ ತೆಲುಗು, ಮುಸಲ್ಮಾನರ ಉರ್ದು, ತಾಂಡಗಳ ಲಂಬಾಣಿ, ಕೆಲವು ಮನೆಗಳ ಮರಾಠಿ ಇವೆಲ್ಲವೂ ಜೋಳದ ರಾಶಿಗಳ ನಡುವೆ ಬೆರೆತು ಹರಿಯುವುವು. ಅನೇಕ ವಿಷಯಗಳಲ್ಲಿ ಈ ನುಡಿಗಳು ಒಂದನ್ನೊಂದು ಹೋಲವು. ಆದರೆ ಒಂದು ವ್ಯಾಧಿಗೆ ಹೆಸರಿಡುವಲ್ಲಿ ಮಾತ್ರ ಅವು ಮೊದಲೇ ಮಾತನಾಡಿಕೊಂಡಂತೆ ಒಪ್ಪಿರುವುವು. ಕನ್ನಡಿಗನು ಅರೆದಲೆ ನೋವು ಎಂದರೆ, ಮರಾಠಿಗನು ಅರ್ಧಶಿಶಿ ಎನ್ನುವನು. ತೆಲುಗಿನವನು ಪಾರ್ಶ್ವಪು ನೊಪ್ಪಿ ಎನ್ನುವನು. ಉರ್ದು ಬಲ್ಲ ಹಕೀಮನು ದರ್ದೆ ಶಕೀಕಾ ಎನ್ನುವನು. ಈ ಶಕೀಕಾ ಎಂಬ ಅರಬ್ಬೀ ಶಬ್ದದ ಮೂಲದಲ್ಲಿಯೂ ಸೀಳುವುದು, ಹೋಳಾಗುವುದು ಎಂಬ ಅರ್ಥವೇ ಇರುವುದು. ಸಂಸ್ಕೃತದಲ್ಲಿ ಅರ್ಧಾವಭೇದಕ. ಗ್ರೀಕರು ಇದನ್ನು ಹೆಮಿಕ್ರೇನಿಯಾ, ಎಂದರೆ ಅರ್ಧಕಪಾಲ, ಎಂದು ಕರೆದರು. ಆ ಶಬ್ದವು ಫ್ರೆಂಚರ ಬಾಯಲ್ಲಿ ಸವೆದು ಸವೆದು ಮೈಗ್ರೇನ್ ಆಯಿತು. ಚೀನೀಯರೂ ಜಪಾನೀಯರೂ ಬರೆಯುವ ಅಕ್ಷರಗಳಿಗೂ ಒಂದು ಪಕ್ಕದ ತಲೆನೋವೆಂದೇ ಅರ್ಥ. ಒಬ್ಬರ ಮುಖವನ್ನೊಬ್ಬರು ಕಾಣದ ಜನಾಂಗಗಳು ತಲೆಯ ಅದೇ ಅರ್ಧವನ್ನು ಹಿಡಿದುಕೊಂಡು ಅದೇ ಮಾತನ್ನಾಡಿರುವುವು.

ಹೀಗಿರಲು, ಈ ನೋವು ಕೆಲವು ಕುಲಗಳಿಗೆ ಹೆಚ್ಚು, ಕೆಲವು ಕುಲಗಳಿಗೆ ಕಡಿಮೆ ಎಂಬ ವಾದವು ಈ ಕಾಲದ ವೈದ್ಯಗ್ರಂಥಗಳಲ್ಲಿ ಕಾಣಬರುವುದು ಏಕೆ? ಆ ವಾದವು ನಿಜವಾದರೆ ಅದರಿಂದ ಏನು ತಿಳಿಯತಕ್ಕದ್ದು? ಸುಳ್ಳಾದರೆ ಅದರಿಂದ ಯಾರಿಗೆ ಹಾನಿ? ಇದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೆ ಇದರ ಒಳಗೆ ಮತ್ತೊಂದು ಹಳೆಯ ಪ್ರಶ್ನೆ ಅಡಗಿದೆ: ಒಬ್ಬರ ನೋವನ್ನು ಇನ್ನೊಬ್ಬರು ಯಾವ ಪ್ರಮಾಣದಿಂದ ಅರಿಯಬಲ್ಲರು?

ಮೊದಲು ವ್ಯಾಧಿಯ ಸ್ವರೂಪವನ್ನು ನೋಡಬೇಕು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಶಿರೋರೋಗಗಳನ್ನು ಎಣಿಸಿದೆ. ಅವುಗಳಲ್ಲಿ ಅರ್ಧಾವಭೇದಕವೂ ಒಂದು. ತಲೆಯ ಅರ್ಧದಲ್ಲಿ ಸೀಳುವಂತಹ, ಚುಚ್ಚುವಂತಹ ನೋವು, ಅದರೊಡನೆ ತಲೆ ತಿರುಗುವುದು, ಹತ್ತು ದಿನಕ್ಕೋ ಪಕ್ಷಕ್ಕೋ ಒಮ್ಮೆ ಮರುಕಳಿಸುವುದು ಎಂದು ಅಲ್ಲಿ ಲಕ್ಷಣಗಳನ್ನು ಹೇಳಿರುವರು. ಪಕ್ಷಕ್ಕೋ ಮಾಸಕ್ಕೋ ಕೆರಳಿ ತಾನಾಗಿಯೇ ಶಮನವಾಗುವುದೆಂಬುದನ್ನು ವಾಗ್ಭಟನೂ ಗುರುತಿಸಿರುವನು. ಚರಕಸಂಹಿತೆಯು ಕಾರಣಗಳನ್ನು ವಿಸ್ತಾರವಾಗಿ ಹೇಳುವುದು: ರೂಕ್ಷವಾದ ಆಹಾರ, ಉಂಡದ್ದು ಅರಗುವ ಮುನ್ನ ಮತ್ತೆ ಉಣ್ಣುವುದು, ಮೂಡಣ ಗಾಳಿ, ಮಂಜು, ವೇಗಗಳನ್ನು ತಡೆಯುವುದು, ಅತಿಶ್ರಮ. ಇವನ್ನು ಓದಿದವರಿಗೆ, ಬರೆದವರು ರೋಗಿಯ ಬಳಿ ಕುಳಿತು ಕೇಳಿ ಬರೆದರೆಂಬುದರಲ್ಲಿ ಸಂದೇಹ ಉಳಿಯದು. ಸುಶ್ರುತನು ಶಿರೋರೋಗದಲ್ಲಿ ಹುಬ್ಬು, ಹಣೆ, ಕಣತಲೆಗಳಲ್ಲಿ ಅಗ್ನಿಕರ್ಮವನ್ನು ವಿಧಿಸಿರುವುದೂ ಉಂಟು. ಕಾಯ್ದ ಸಲಾಕೆಯನ್ನು ಹಣೆಗೆ ಒಡ್ಡಲು ಒಪ್ಪುವಷ್ಟು ಆ ನೋವು ಕಠೋರವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಈ ರೋಗಿಗಳ ಪೈಕಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಅಥವಾ ಮೂರರಲ್ಲಿ ಒಂದು ಪಾಲು ಜನರಿಗೆ ನೋವಿಗಿಂತ ಮೊದಲು ಮತ್ತೊಂದು ಅನುಭವವಾಗುವುದು. ನೋಟದ ನಡುವೆ ಒಂದು ಚುಕ್ಕೆಯಷ್ಟು ಮಸುಕು ಹುಟ್ಟುವುದು. ಓದುತ್ತಿರುವ ಸಾಲಿನಲ್ಲಿ ಒಂದು ಅಕ್ಷರ ಕಾಣದಾಗುವುದು. ಆ ಮಸುಕಿನ ಅಂಚಿನಲ್ಲಿ ಗರಗಸದ ಹಲ್ಲಿನಂತಹ ಅಂಕುಡೊಂಕಾದ ಗೆರೆಯೊಂದು ಥಳಥಳಿಸುತ್ತ, ಬಾಗಿದ ಬಿಲ್ಲಿನಂತೆ ಹಿಗ್ಗುತ್ತ, ನಡುವಿನಿಂದ ಅಂಚಿಗೆ ಸರಿಯುವುದು. ಇಪ್ಪತ್ತು, ಮೂವತ್ತು ನಿಮಿಷಗಳಲ್ಲಿ ಅದು ದೃಷ್ಟಿಯ ಎಲ್ಲೆಯನ್ನು ದಾಟಿ ಮಾಯವಾಗುವುದು. ಕಣ್ಣು ಮುಚ್ಚಿದರೂ ಅದು ತೋರುವುದು. ಒಂದು ಕಣ್ಣನ್ನು ಮುಚ್ಚಿದರೆ ಇನ್ನೊಂದರಲ್ಲಿಯೂ ಅದೇ ಎಡೆಯಲ್ಲಿ ತೋರುವುದು. ಕೆಲವರಿಗೆ ಬೆರಳ ತುದಿಯಲ್ಲಿ ಹುಟ್ಟಿದ ಜುಮುಜುಮು ಎನ್ನುವಿಕೆ ಮೆಲ್ಲನೆ ತೋಳನ್ನೇರಿ ತುಟಿಗೆ ಬರುವುದು. ಮತ್ತೆ ಕೆಲವರಿಗೆ ಮಾತು ತೊಡರುವುದು. ಅನಂತರ ತಲೆಯ ನೋವು. ಕೆಲವರಿಗೆ ಈ ಬೆಳಕು ಮಾತ್ರ ಬಂದು ನೋವು ಬರದೆ ಹೋಗುವುದೂ ಉಂಟು.

ಪಾಶ್ಚಾತ್ಯ ವೈದ್ಯರು ಇದನ್ನು ಆರಾ ಎಂದು ಕರೆಯುವರು. ಕನ್ನಡದಲ್ಲಿ ಕೆಲವರು ಇದನ್ನು ಪ್ರಭಾವಲಯವೆಂದು ಭಾಷಾಂತರಿಸಿರುವರು. ಅದು ಅಷ್ಟು ಸಮಂಜಸವಲ್ಲ. ಗ್ರೀಕಿನಲ್ಲಿ ಆ ಶಬ್ದಕ್ಕೆ ಮೆಲ್ಲನೆ ಬೀಸುವ ಗಾಳಿಯೆಂದು ಅರ್ಥ. ಚರಕನು ಈ ವ್ಯಾಧಿಯನ್ನು ವಾತಕ್ಕೆ, ಅಥವಾ ವಾತಕಫಗಳಿಗೆ, ಸೇರಿಸಿದ್ದನ್ನು ನೆನೆದು ಇಬ್ಬರೂ ಗಾಳಿಯನ್ನೇ ಕಂಡರೆಂದು ಹಿಗ್ಗುವವರು ಇರಬಹುದು. ಅಂತಹ ಕಾಕತಾಳೀಯಗಳ ಮೇಲೆ ಸಿದ್ಧಾಂತವನ್ನು ಕಟ್ಟದಿರುವುದೇ ಲೇಸು. ಆಯುರ್ವೇದದ ಪೂರ್ವರೂಪವೆಂಬ ಮಾತೂ ಇದಕ್ಕೆ ಸರಿಹೊಂದದು. ನೋವಿಗೆ ಒಂದೆರಡು ದಿನ ಮೊದಲು ಬರುವ ಆಕಳಿಕೆ, ಜಡತೆ, ಬಯಕೆಗಳೇ ಪೂರ್ವರೂಪವೆನಿಸಿಕೊಳ್ಳಲು ಯೋಗ್ಯವಾದವು.

ಹ್ಯೂಬರ್ಟ್ ಏರಿ ಎಂಬ ಆಂಗ್ಲ ವೈದ್ಯನು ೧೮೭೦ರಲ್ಲಿ ತನ್ನ ಕಣ್ಣಮುಂದೆ ತೋರಿದುದನ್ನು ಬಣ್ಣಗಳಲ್ಲಿ ಬರೆದು ಪ್ರಕಟಿಸಿದನು. ಅವನ ತಂದೆ, ಆಂಗ್ಲ ರಾಜ್ಯದ ಜ್ಯೋತಿರ್ವಿದನಾಗಿದ್ದ ಜಾರ್ಜ್ ಏರಿಗೂ ಅದೇ ದೃಶ್ಯ ತೋರುತ್ತಿದ್ದಿತು. ಮಗನಿಗೆ ಅದು ಮೇಲಿನಿಂದ ನೋಡಿದ ಕೋಟೆಯ ನಕ್ಷೆಯಂತೆ ಕಂಡದ್ದರಿಂದ ಅವನು ಅದಕ್ಕೆ ಪುರಪ್ರಾಕಾರದರ್ಶನವೆಂಬ ಅರ್ಥದ ಗ್ರೀಕ್ ಹೆಸರನ್ನು ಇಟ್ಟನು. ಯೂರೋಪಿನ ಕೋಟೆಗಳು ನಕ್ಷತ್ರದ ಮೂಲೆಗಳಂತೆ ಚಾಚಿಕೊಂಡಿರುವುವು. ಆದುದರಿಂದ ಅವನಿಗೆ ಆ ಉಪಮೆ ಹೊಳೆಯಿತು. ಉಚ್ಚಂಗಿದುರ್ಗವನ್ನೋ ಚಿತ್ರದುರ್ಗವನ್ನೋ ಕಂಡು ಬೆಳೆದವರಿಗೆ ಅದು ಕೋಟೆಯ ತೆನೆಗಳ ಸಾಲಿನಂತೆ ತೋರೀತು. ತಾಂಡದ ಹೆಣ್ಣುಮಗಳಿಗೆ ಕನ್ನಡಿ ಚೂರುಗಳನ್ನು ಕೂಡಿಸಿ ಹೊಲಿದ ರವಿಕೆಯ ಅಂಚಿನಂತೆ ತೋರೀತು. ಉಪಮಾನವು ಊರಿನದು, ಉಪಮೇಯವು ಮಿದುಳಿನದು. ಈ ಭೇದವನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

ಮಿದುಳಿನದೆಂದು ಹೇಳಲು ಆಧಾರವಿದೆ. ಕಾರ್ಲ್ ಲ್ಯಾಶ್ಲಿ ಎಂಬ ಮನಶ್ಶಾಸ್ತ್ರಜ್ಞನು ತನಗೆ ಬರುತ್ತಿದ್ದ ಈ ಗೆರೆಯ ವೇಗವನ್ನು ಅಳೆದು, ದೃಷ್ಟಿಗೆ ಸೇರಿದ ಮಿದುಳಿನ ತೊಗಟೆಯ ಮೇಲೆ ಏನೋ ಒಂದು ಅಲೆಯು ನಿಮಿಷಕ್ಕೆ ಸುಮಾರು ೩ ಮಿಲಿಮೀಟರಿನಂತೆ ಸಾಗುತ್ತಿರಬೇಕೆಂದು ೧೯೪೧ರಲ್ಲಿ ಅನುಮಾನಿಸಿದನು. ಬ್ರೆಜಿಲ್ ದೇಶದ ಅರಿಸ್ಟೈಡಿಸ್ ಲಿಯಾವೊ ೧೯೪೪ರಲ್ಲಿ ಮೊಲದ ಮಿದುಳಿನಲ್ಲಿ ಅಂತಹದೇ ಮಂದವಾದ ಅಲೆಯನ್ನು ಕಂಡನು. ೨೦೦೧ರಲ್ಲಿ ನುಶಿನ್ ಹಾಜಿಖಾನಿ ಮೊದಲಾದವರು ರೋಗಿಗಳ ಮಿದುಳಿನ ಚಿತ್ರಗಳಲ್ಲಿ ಅದು ಸಾಗುವುದನ್ನು ಹಿಡಿದರು. ಅನುಮಾನವು ಪ್ರತ್ಯಕ್ಷವಾಗಲು ಅರುವತ್ತು ವರ್ಷ ಹಿಡಿಯಿತು.

ಇಲ್ಲಿ ದರ್ಶನಶಾಸ್ತ್ರವನ್ನು ಓದಿದವರಿಗೆ ಒಂದು ಕುತೂಹಲ ಹುಟ್ಟುವುದು ಸಹಜ. ಆ ಬೆಳಕು ಭ್ರಮೆಯೆ? ಹಗ್ಗದಲ್ಲಿ ಹಾವು ತೋರುವಾಗ ಹಗ್ಗವೆಂಬ ಅಧಿಷ್ಠಾನವಾದರೂ ಉಂಟು. ಚಿಪ್ಪಿನಲ್ಲಿ ಬೆಳ್ಳಿ ತೋರುವಾಗ ಚಿಪ್ಪುಂಟು. ಇಲ್ಲಿ ಹೊರಗೆ ಏನೂ ಇಲ್ಲ. ಇದಕ್ಕೆ ಹತ್ತಿರವಾದುದು, ತಿಮಿರರೋಗಿಗೆ ಆಕಾಶದಲ್ಲಿ ಕೂದಲಿನ ಉಂಡೆಗಳು ತೋರುವುವೆಂದು ವಸುಬಂಧುವಿನಂತಹ ಬೌದ್ಧರೂ ಆಮೇಲಿನ ವೈದಿಕ ವಾದಿಗಳೂ ಎತ್ತಿಕೊಂಡ ದೃಷ್ಟಾಂತ. ಆ ಕೂದಲು ಇಲ್ಲವೆಂದು ಪಕ್ಕದಲ್ಲಿದ್ದವರು ಹೇಳಬಲ್ಲರು. ಹೇಳಿದ್ದು ನಿಜವೂ ಹೌದು. ಆದರೆ ತಿಮಿರರೋಗಿಯು ಸುಳ್ಳಾಡಿದನೆಂದು ಯಾವ ವಾದಿಯೂ ಹೇಳಲಿಲ್ಲ. ವಿಷಯವು ಬಾಧಿತವಾಯಿತೇ ಹೊರತು ತೋರಿಕೆಯು ಬಾಧಿತವಾಗಲಿಲ್ಲ. ನೋವಿನ ವಿಷಯದಲ್ಲಿಯಾದರೋ ಈ ಬಾಧೆಗೂ ಎಡೆಯಿಲ್ಲ. ಸುಖದುಃಖಗಳು ಮನಸ್ಸೆಂಬ ಒಳಗಿನ ಇಂದ್ರಿಯಕ್ಕೆ ಮಾತ್ರ ಪ್ರತ್ಯಕ್ಷವೆಂಬುದು ನೈಯಾಯಿಕರ ಮತ. ತಲೆ ನೋಯುತ್ತಿದೆಯೆಂದು ತೋರಿದರೆ ತಲೆ ನೋಯುತ್ತಿದೆ. ಅದು ತೋರಿಕೆಯಷ್ಟೇ, ನಿಜವಾಗಿ ನೋಯುತ್ತಿಲ್ಲ ಎಂಬ ಮಾತಿಗೆ ಅರ್ಥವೇ ಇಲ್ಲ.

ಹಾಗಾದರೆ ಹೊರಗಿನವರಿಗೆ ಉಳಿಯುವ ಪ್ರಮಾಣಗಳು ಎರಡು. ಮುಖ ಬಾಡಿದೆ, ಬೆಳಕನ್ನು ಸಹಿಸದೆ ಕದ ಮುಚ್ಚಿಕೊಂಡಿರುವರು, ವಾಂತಿಯಾಗಿದೆ ಎಂಬ ಲಿಂಗಗಳಿಂದ ಮಾಡುವ ಅನುಮಾನವು ಒಂದು. ಅವರು ಬಾಯಿ ಬಿಟ್ಟು ಹೇಳಿದ ಮಾತು ಇನ್ನೊಂದು. ಅನುಮಾನವು ತಪ್ಪಬಹುದು, ಏಕೆಂದರೆ ನೋವನ್ನು ನುಂಗಿಕೊಂಡು ರೊಟ್ಟಿ ತಟ್ಟುವವರುಂಟು. ಆದ ಕಾರಣ ಶಬ್ದವೇ ಇಲ್ಲಿ ಮುಖ್ಯ ಪ್ರಮಾಣ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕೆಂದು ಶಾಸ್ತ್ರ. ಸ್ವಂತ ನೋವಿನ ವಿಷಯದಲ್ಲಿ ನೋವುಂಡವರಿಗಿಂತ ಆಪ್ತರು ಮತ್ತಾರು? ಇಷ್ಟನ್ನು ಒಪ್ಪಿದ ಮೇಲೆ ಯಾರ ಮಾತನ್ನು ಕೇಳಿದರು, ಯಾರ ಮಾತನ್ನು ಕೇಳಲಿಲ್ಲ ಎಂಬುದು ನೀತಿಯ ಪ್ರಶ್ನೆಯಾಗುವುದು.

ಇನ್ನು ಕುಲಗಳ ಲೆಕ್ಕಕ್ಕೆ ಬರೋಣ. ಅಮೆರಿಕದ ಮೇರಿಲೆಂಡ್ ಪ್ರಾಂತದ ಬಾಲ್ಟಿಮೋರ್ ಕೌಂಟಿಯಲ್ಲಿ ವಾಲ್ಟರ್ ಸ್ಟೂವರ್ಟ್ ಮೊದಲಾದವರು ೧೨,೩೨೮ ಜನರನ್ನು ದೂರವಾಣಿಯ ಮೂಲಕ ವಿಚಾರಿಸಿ ೧೯೯೬ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಸ್ತ್ರೀಯರಲ್ಲಿ ಬಿಳಿಯರಿಗೆ ನೂರಕ್ಕೆ ೨೦.೪, ಆಫ್ರಿಕದ ಮೂಲದವರಿಗೆ ೧೬.೨, ಏಷಿಯಾದ ಮೂಲದವರಿಗೆ ೯.೨ ರಂತೆ ಈ ನೋವು ಕಂಡುಬಂದಿತು. ಪುರುಷರಲ್ಲಿ ಅದೇ ಅನುಕ್ರಮದಲ್ಲಿ ೮.೬, ೭.೨, ೪.೨. ಮೂರು ಕುಲದವರೂ ಒಂದೇ ಸೀಮೆಯಲ್ಲಿ ವಾಸವಾಗಿರುವುದರಿಂದ ಈ ಭೇದಕ್ಕೆ ಹುಟ್ಟಿನಿಂದ ಬಂದ ಪ್ರಕೃತಿಯೇ ಕಾರಣವಾಗಿರಬಹುದೆಂದು ಅವರು ಊಹಿಸಿದರು. ಏಷಿಯಾದವರ ತಲೆ ಕಡಿಮೆ ನೋಯುವುದೆಂಬ ಮಾತು ಇಂತಹ ಲೆಕ್ಕಗಳಿಂದ ಬಲವನ್ನು ಪಡೆಯಿತು.

ಕರ್ಣಾಟಕದಲ್ಲಿ ಏನಾಯಿತೆಂಬುದನ್ನು ಈಗ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಹೊರನಾಡಿನ ಪಂಡಿತರೊಡಗೂಡಿ ೨೦೦೯ರಲ್ಲಿ ಆರಂಭಿಸಿ, ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ೧೮ರಿಂದ ೬೫ ವರ್ಷದೊಳಗಿನ ೨,೩೨೯ ಜನರನ್ನು ಎದುರಿಗೆ ಕುಳ್ಳಿರಿಸಿಕೊಂಡು ವಿಚಾರಿಸಿದರು. ೨೦೧೫ರಲ್ಲಿ ಪ್ರಕಟವಾದ ಆ ಲೆಕ್ಕದಂತೆ, ಒಂದು ವರ್ಷದೊಳಗೆ ಅರೆದಲೆ ನೋವನ್ನು ಉಂಡವರು ನೂರಕ್ಕೆ ೨೫.೨. ನಾಲ್ವರಲ್ಲಿ ಒಬ್ಬರು! ಸ್ತ್ರೀಯರಲ್ಲಿ ಸಂಭವದ ಪ್ರಮಾಣವು ಪುರುಷರಿಗಿಂತ ಇಮ್ಮಡಿಗೆ ಮೇಲು. ಹಳ್ಳಿಗರಲ್ಲಿ ಪಟ್ಟಣಿಗರಿಗಿಂತ ಒಂದೂವರೆ ಪಟ್ಟು. ನೇಪಾಳದಲ್ಲಿ ಅದೇ ರೀತಿಯ ಪ್ರಶ್ನೆಗಳಿಂದ ನಡೆದ ಎಣಿಕೆಯಲ್ಲಿ ನೂರಕ್ಕೆ ೩೪.೧ ಎಂದು ಬಂದಿತು. ಜಪಾನಿನಲ್ಲಿಯಾದರೋ ೧೯೯೭ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ೮.೪ ಮಾತ್ರ.

ಜಪಾನು, ನೇಪಾಳ, ಕರ್ಣಾಟಕ ಮೂರೂ ಏಷಿಯಾದಲ್ಲಿವೆ. ಏಷಿಯಾದವರು ಎಂಬ ಹೇತುವಿನಿಂದ ನೋವು ಕಡಿಮೆ ಎಂಬ ಸಾಧ್ಯವನ್ನು ಸಾಧಿಸಹೊರಟರೆ, ಅದು ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ತರ್ಕಸಂಗ್ರಹವನ್ನು ಮುಗಿಸಿದ ಹುಡುಗನೂ ತೋರಿಸಿಕೊಡಬಲ್ಲನು. ಹೇತುವು ನೋವು ಕಡಿಮೆಯಿರುವಲ್ಲಿಯೂ ಇರುವುದು, ಹೆಚ್ಚಾಗಿರುವಲ್ಲಿಯೂ ಇರುವುದು. ಬಾಲ್ಟಿಮೋರಿನ ಪಂಡಿತರ ಎಣಿಕೆ ಸುಳ್ಳೆಂದು ಇದರ ಅರ್ಥವಲ್ಲ. ಆ ಊರಿನಲ್ಲಿ ಏಷಿಯಾದವರೆಂದು ಬರೆಸಿಕೊಂಡವರು ಅಷ್ಟನ್ನೇ ಹೇಳಿರಬಹುದು. ಗೊತ್ತುಗುರಿಯಿಲ್ಲದ ಯಾರೋ ದೂರವಾಣಿಯಲ್ಲಿ ಕೇಳಿದಾಗ ಮನೆಯ ಹೆಂಗಸು ಎಷ್ಟನ್ನು ಹೇಳುವಳು, ತನ್ನ ನುಡಿಯಲ್ಲಿ ಜಗುಲಿಯ ಮೇಲೆ ಕುಳಿತು ಕೇಳಿದಾಗ ಎಷ್ಟನ್ನು ಹೇಳುವಳು ಎಂಬುದು ಬೇರೆ ವಿಚಾರ. ಆದರೆ ಅರ್ಧ ಭೂಮಂಡಲವನ್ನು ಒಂದು ಹೆಸರಿನಲ್ಲಿ ಕಟ್ಟಿ ಆ ಕಟ್ಟಿಗೆ ಒಂದು ಪ್ರಕೃತಿಯನ್ನು ಆರೋಪಿಸಿದ್ದೇ ದೋಷ. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಸೇರಿತು, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು, ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕಚೇರಿಯ ಮುದ್ರೆ ಬದಲಾದಾಗಲೆಲ್ಲ ಇಲ್ಲಿಯವರ ತಲೆನೋವಿನ ಪ್ರಮಾಣವೂ ಬದಲಾಯಿತೆಂದು ಯಾರೂ ಹೇಳರಷ್ಟೆ. ಕುಲವೆಂದು ಬರೆದುಕೊಳ್ಳುವ ಅನೇಕ ಹೆಸರುಗಳು ಇಂತಹ ಮುದ್ರೆಗಳಿಗಿಂತ ಹೆಚ್ಚು ಗಟ್ಟಿಯಾದುವಲ್ಲ.

ಆ ಜಪಾನಿನ ಲೆಕ್ಕದಲ್ಲಿ ಇನ್ನೊಂದು ಸಂಗತಿಯುಂಟು. ಅಲ್ಲಿ ೮.೪ರಲ್ಲಿ ೨.೬ ಪಾಲಿನವರಿಗೆ ಆ ಮುಂಬೆಳಕು ತೋರುವುದು. ಎಂದರೆ ನೋವುಂಡ ಹತ್ತು ಜನರಲ್ಲಿ ಮೂವರಿಗೆ. ಪಶ್ಚಿಮದೇಶಗಳಲ್ಲಿಯೂ ಹೆಚ್ಚುಕಡಿಮೆ ಅದೇ ಪಾಲು. ಒಟ್ಟು ಮೊತ್ತವು ದೇಶದಿಂದ ದೇಶಕ್ಕೆ ಏರಿಳಿದರೂ ಒಳಗಿನ ಪಾಲು ಅಷ್ಟಾಗಿ ಅಲುಗದಿರುವುದು ಆಲೋಚನೆಗೆ ಯೋಗ್ಯವಾಗಿದೆ. ಎಲ್ಲ ಮನುಷ್ಯರ ಮಿದುಳಿನ ತೊಗಟೆಯೂ ಒಂದೇ ನೇಯ್ಗೆಯದು ಎಂಬುದಕ್ಕೆ ಇದು ಅನುಕೂಲವಾದ ಲಿಂಗ.

ಹೀಗೆಂದು ಕುಲಭೇದವೇ ಇಲ್ಲ, ಹುಡುಕುವುದೇ ಪಾಪ ಎಂದು ಕದವಿಕ್ಕುವವರ ಪಕ್ಷವೂ ನಿಲ್ಲದು. ಚರ್ಮದಲ್ಲಿ ಶೀತಸ್ಪರ್ಶವನ್ನು ಅರಿಯುವ ಒಂದು ಗ್ರಾಹಕದ ಬಳಿಯ ವಂಶವಾಹಿಯಲ್ಲಿ ಒಂದು ಪಾಠಾಂತರವಿದೆ. ಅದು ಫಿನ್ಲೆಂಡಿನವರಲ್ಲಿ ನೂರಕ್ಕೆ ೮೮ರಷ್ಟೂ ನೈಜೀರಿಯಾದವರಲ್ಲಿ ೫ರಷ್ಟೂ ಕಂಡುಬರುವುದೆಂದು ೨೦೧೮ರಲ್ಲಿ ತಿಳಿಯಿತು. ಚಳಿಯ ನಾಡಿಗೆ ಹೋದ ಮಾನವರಿಗೆ ಅದು ಉಪಕಾರಿಯಾಗಿ ಬೆಳೆದಿರಬೇಕೆಂದು ಊಹೆ. ಅದೇ ಪಾಠಾಂತರವು ಅರೆದಲೆ ನೋವಿನ ಸಂಭವವನ್ನೂ ಕೊಂಚ ಹೆಚ್ಚಿಸುವುದು. ಇದು ನಿಜವಾದ ಭೇದ; ಇದನ್ನು ಅಲ್ಲಗಳೆಯಲಾಗದು. ಆದರೆ ಕೊಂಚ ಎಂಬ ಮಾತನ್ನು ಮರೆಯಬಾರದು. ೨೦೨೨ರಲ್ಲಿ ೧,೦೨,೦೮೪ ರೋಗಿಗಳನ್ನು ಪರೀಕ್ಷಿಸಿದ ಶೋಧನೆಯಲ್ಲಿ ಇಂತಹ ೧೨೩ ಸ್ಥಾನಗಳು ಸಿಕ್ಕಿದವು. ಒಂದೊಂದರ ಪಾಲೂ ಸಾಸುವೆಯಷ್ಟು. ಆ ಲಕ್ಷ ಜನರಲ್ಲಿ ಬಹುಮಟ್ಟಿಗೆ ಎಲ್ಲರೂ ಯೂರೋಪಿನ ವಂಶದವರು. ಭೇದವನ್ನು ಹುಡುಕಿದ್ದರಲ್ಲಿ ಅನ್ಯಾಯವಿಲ್ಲ. ಒಂದು ವಂಶದವರನ್ನು ಮಾತ್ರ ನೋಡಿ ಮಾನವನನ್ನು ನೋಡಿದೆವೆಂದುಕೊಂಡರೆ ಅಲ್ಲಿ ಅನ್ಯಾಯವಿದೆ.

ಕುಲದಿಂದ ನೋವನ್ನು ಅಳೆಯುವ ಅಭ್ಯಾಸವು ನಿರಪಾಯವಾದುದಲ್ಲ. ಕರಿಯರ ಚರ್ಮ ದಪ್ಪ, ಅವರಿಗೆ ನೋವು ಅಷ್ಟಾಗಿ ನಾಟದು ಎಂಬ ಮಾತು ಅಮೆರಿಕದಲ್ಲಿ ದಾಸ್ಯದ ಕಾಲದಿಂದ ಬಂದುದು. ೨೦೧೬ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ೨೨೨ ಮಂದಿ ಬಿಳಿಯ ವೈದ್ಯವಿದ್ಯಾರ್ಥಿಗಳನ್ನೂ ಹೊಸ ವೈದ್ಯರನ್ನೂ ವಿಚಾರಿಸಿದಾಗ, ಅವರಲ್ಲಿ ಸುಮಾರು ಅರ್ಧದಷ್ಟು ಜನರು ಇಂತಹ ಮಿಥ್ಯಾಜ್ಞಾನಗಳಲ್ಲಿ ಒಂದನ್ನಾದರೂ ನಂಬಿದ್ದರು. ಇದನ್ನು ಓದಿ ಪರದೇಶದವರನ್ನು ಹಳಿಯುವುದು ಸುಲಭ. ಹೊಲದಲ್ಲಿ ದುಡಿಯುವವರಿಗೆ ಎಲ್ಲಿಯ ತಲೆನೋವು, ಅದು ನೆರಳಿನಲ್ಲಿ ಕುಳಿತು ಓದುವವರ ರೋಗ ಎಂಬ ಮಾತನ್ನು ಈ ಸೀಮೆಯ ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಬಹುದು. ಕೆಲಸದ ಹೆಣ್ಣಾಳು ತಲೆಗೆ ಬಟ್ಟೆ ಬಿಗಿದುಕೊಂಡು ಬಂದರೆ ಸೋಮಾರಿತನ. ಮನೆಯ ಮಗನು ಅದೇ ಮಾತನ್ನಾಡಿದರೆ ವೈದ್ಯರಿಗೆ ಕರೆಹೋಗುವುದು. ಹಳ್ಳಿಗರಲ್ಲಿಯೇ ಈ ನೋವು ಅಧಿಕವೆಂದು ಕರ್ಣಾಟಕದ ಎಣಿಕೆಯು ತಿಳಿಸಿತಲ್ಲವೆ? ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಶೇಂಗಾ ಕೀಳುವವರ ತಲೆಯು ಪುಸ್ತಕದ ಮೇಲೆ ಬಗ್ಗಿದ ತಲೆಗಿಂತ ಗಟ್ಟಿಯಾದುದೆಂಬುದಕ್ಕೆ ಯಾವ ಪ್ರಮಾಣವೂ ಇಲ್ಲ.

ಕೇಳುವ ಪ್ರಶ್ನೆಯೂ ಊರಿನದಾಗಬೇಕು. ಪಾಶ್ಚಾತ್ಯರ ಪುಸ್ತಕಗಳಲ್ಲಿ ನೋವನ್ನು ಕೆರಳಿಸುವ ಕಾರಣಗಳೆಂದು ಗಿಣ್ಣು, ಚಾಕೊಲೇಟು, ದ್ರಾಕ್ಷಾಮದ್ಯ ಇವನ್ನು ಬರೆದಿರುವರು. ಈ ಪಟ್ಟಿಯನ್ನು ಹಿಡಿದು ಕೂಡ್ಲಿಗಿಯ ಒಂದು ಹಳ್ಳಿಯಲ್ಲಿ ವಿಚಾರಿಸಿದರೆ ಎಲ್ಲದಕ್ಕೂ ಇಲ್ಲವೆಂಬ ಉತ್ತರವೇ ಬಂದೀತು. ಮುಂಬಯಿಯ ವೈದ್ಯ ಕೆ. ರವಿಶಂಕರ್ ಅವರು ತಲೆಸ್ನಾನದಿಂದ ಈ ನೋವು ಕೆರಳುವ ೯೪ ಜನರ ವಿಚಾರವನ್ನು ೨೦೦೬ರಲ್ಲಿ ಬರೆದು, ಹೊರನಾಡಿನವರು ಗಮನಿಸದಿದ್ದ ಕಾರಣವೊಂದನ್ನು ಮುಂದಿಟ್ಟರು. ಮಂಗಳವಾರ ಶುಕ್ರವಾರಗಳಂದು ತಲೆಗೆ ಎರೆದುಕೊಂಡು, ಒದ್ದೆಗೂದಲಿನಲ್ಲಿಯೇ ಅಡಿಗೆ ಮುಗಿಸಿ, ಮಧ್ಯಾಹ್ನಕ್ಕೆ ನರಳುತ್ತ ಮಲಗುವ ಹೆಂಗಸಿಗೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿದ ಮನೆಗಳು ಎಷ್ಟಿಲ್ಲ! ಏಕಾದಶಿಯ ಉಪವಾಸ, ರಂಜಾನಿನ ಮೊದಲ ದಿನ, ಕೊಟ್ಟೂರು ತೇರಿಗೂ ಮೈಲಾರದ ಕಾರಣಿಕಕ್ಕೂ ನಡೆದು ಹೋಗುವಾಗಿನ ಬಿಸಿಲು ಮತ್ತು ನಿದ್ದೆಗೇಡು, ಇವನ್ನು ಕೇಳಿದರೆ ಉತ್ತರ ಬೇರೆಯಾದೀತು. ಚರಕನು ಕೇಳಿದ್ದು ಇಂತಹ ಪ್ರಶ್ನೆಗಳನ್ನೇ.

ಮುಂಬೆಳಕಿನ ವಿಷಯದಲ್ಲಿ ಭಾಷೆಯ ತೊಡಕು ಇನ್ನೂ ಹೆಚ್ಚು. ಮನೆಮನೆಯ ಅನೇಕ ಎಣಿಕೆಗಳಲ್ಲಿ ಅದನ್ನು ಬೇರ್ಪಡಿಸಿ ಎಣಿಸುವುದಿಲ್ಲ. ನಾಲ್ಕು ಪ್ರಶ್ನೆಗಳಲ್ಲಿ ಅದು ಸಿಕ್ಕುವ ವಸ್ತುವಲ್ಲ. ಕನ್ನಡದಲ್ಲಿ ಕಣ್ಣು ಕತ್ತಲೆ ಬಂತು ಎಂಬ ಒಂದು ಮಾತಿದೆ. ಹಸಿವಿನಿಂದ ಬಂದ ನಿತ್ರಾಣಕ್ಕೂ ಅದೇ ಮಾತು, ಥಟ್ಟನೆ ಎದ್ದಾಗ ಬರುವ ಮಸುಕಿಗೂ ಅದೇ ಮಾತು, ಈ ಥಳಥಳಿಸುವ ತೆನೆಗಳ ಸಾಲಿಗೂ ಅದೇ ಮಾತು. ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಊಹಿಸಬಹುದು. ಸೊಸೆಯು ಹಿಟ್ಟು ನಾದುತ್ತ, “ಅತ್ತೀ, ಕಣ್ಣ ಮುಂದ ಏನೋ ಗರಗಸ ಹೊಳದಂಗ ಆಗಾಕತ್ತೈತಿ” ಎನ್ನುವಳು. ಅತ್ತೆಯು ತಲೆಯೆತ್ತದೆ, “ಬಿಸಲಿಗೆ ಹಂಗಾಕ್ಕೈತಿ, ಸುಮ್ನ ನಾದು” ಎನ್ನುವಳು. ಅತ್ತೆಯು ಕ್ರೂರಳೆಂದು ತಿಳಿಯಬೇಕಾಗಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಅವಳಿಗೂ ಹಾಗೆಯೇ ಹೊಳೆದಿದ್ದಿರಬಹುದು, ಆಗ ಅವಳಿಗೂ ಅದೇ ಉತ್ತರ ಸಿಕ್ಕಿದ್ದಿರಬಹುದು. ಸೊಸೆಯಂತೂ ಇನ್ನೊಮ್ಮೆ ಆ ಮಾತನ್ನು ಎತ್ತುವುದಿಲ್ಲ. ಹತ್ತು ವರ್ಷಗಳ ತರುವಾಯ ಯಾರಾದರೂ ಬಂದು ನಿನಗೆ ಕಣ್ಣಮುಂದೆ ಬೆಳಕು ಬರುವುದುಂಟೆ ಎಂದರೆ ಇಲ್ಲವೆನ್ನುವಳು. ಆ ಇಲ್ಲವು ಅವಳ ಕುಲದ ಲೆಕ್ಕಕ್ಕೆ ಸೇರುವುದು.

ಇದು ಬರಿಯ ವಾದವಾಗಿ ಉಳಿಯದಿರಲು ಕಾರಣವಿದೆ. ಅಂಗಡಿಯಲ್ಲಿ ಬಿಡಿಯಾಗಿ ಕೊಂಡ ಮಾತ್ರೆಗಳನ್ನು ದಿನವೂ ನುಂಗಿ, ಆ ಮಾತ್ರೆಯಿಂದಲೇ ತಲೆನೋವು ನಿತ್ಯವಾದವರು ನೂರಕ್ಕೆ ೧.೨ ರಷ್ಟಿರುವರೆಂದೂ, ಅವರಲ್ಲಿ ಸ್ತ್ರೀಯರೇ ಐದು ಪಟ್ಟೆಂದೂ ಕರ್ಣಾಟಕದ ಎಣಿಕೆ ಅಂದಾಜು ಮಾಡಿದೆ. ಅದಕ್ಕಿಂತ ಗುರುತರವಾದುದು ಮತ್ತೊಂದು. ಮುಂಬೆಳಕು ತೋರುವ ಸ್ತ್ರೀಯರಿಗೆ ಮಿದುಳಿನ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು ಬರುವ ಸಂಭವವು ಇತರರಿಗಿಂತ ಹೆಚ್ಚು. ಎಳೆಯ ವಯಸ್ಸಿನಲ್ಲಿ ಅದು ಒಟ್ಟಿನ ಮೇಲೆ ಅಪರೂಪವೇ ಆದರೂ, ಈಸ್ಟ್ರೋಜನ್ ಎಂಬ ಸ್ರಾವವುಳ್ಳ ಗರ್ಭನಿರೋಧಕ ಮಾತ್ರೆಯನ್ನು ತೆಗೆದುಕೊಂಡರೆ ಆ ಸಂಭವವು ಮತ್ತಷ್ಟು ಏರುವುದು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಅಂತಹವರಿಗೆ, ವಯಸ್ಸು ಎಷ್ಟೇ ಇರಲಿ, ಆ ಮಾತ್ರೆಯನ್ನು ಕೊಡಬಾರದ ವರ್ಗದಲ್ಲಿಯೇ ಇಟ್ಟಿದೆ. ಮುಂಬೆಳಕಿಲ್ಲದ ಅರೆದಲೆ ನೋವಿಗೆ ಅಷ್ಟು ಕಠಿನವಾದ 금ವಿಲ್ಲ. ಹಳ್ಳಿಹಳ್ಳಿಗೂ ತಲಪುವ ಮಾಲಾ-ಡಿ, ಮಾಲಾ-ಎನ್ ಮಾತ್ರೆಗಳಲ್ಲಿ ಆ ಸ್ರಾವವಿರುವುದು. ಛಾಯಾ ಎಂಬ ಹೆಸರಿನ ಮಾತ್ರೆಯಲ್ಲಿ ಅದು ಇಲ್ಲ.

ಎಂದರೆ, ಯಾವ ಮಾತ್ರೆಯನ್ನು ಕೊಡಬೇಕೆಂಬುದು ಆ ಹೆಂಗಸು ಕಂಡ ಬೆಳಕಿನ ಮೇಲೆ ನಿಂತಿದೆ. ಅವಳು ಯಾವ ಕುಲದವಳು, ಅವಳ ಕುಲದಲ್ಲಿ ನೂರಕ್ಕೆ ಎಷ್ಟು ಎಂಬುದನ್ನು ಬಲ್ಲವನಿಗೂ ಇದು ತಿಳಿಯದು. ನೂರರ ಲೆಕ್ಕವು ಸರ್ಕಾರಕ್ಕೆ ಬೇಕು, ಔಷಧದ ಉಗ್ರಾಣಕ್ಕೆ ಬೇಕು. ಎದುರಿಗಿರುವ ಒಬ್ಬಳ ವಿಷಯದಲ್ಲಿ ಅದು ಅನುಮಾನಕ್ಕೂ ಸಾಲದ ಹೇತು. ಅವಳನ್ನೇ ಕೇಳಬೇಕು. ಆಶಾ ಕಾರ್ಯಕರ್ತೆಯು ಮಾತ್ರೆಯ ಚೀಟಿಯನ್ನು ಕೈಗಿಡುವ ಮುನ್ನ, ಅತ್ತೆ ಮಾವಂದಿರು ಎದುರಿಲ್ಲದ ಹೊತ್ತು ನೋಡಿ, ಅವಳ ಆಡುಮಾತಿನಲ್ಲಿಯೇ ಕೇಳಲು ಹೆಚ್ಚು ಹೊತ್ತು ಹಿಡಿಯದು: ತಲೆ ನೋಯುವ ಮುಂಚೆ ಕಣ್ಣ ಮುಂದೆ ಏನಾದರೂ ಹೊಳೆಯುವುದೋ, ಅದು ನಿಂತಲ್ಲಿಯೇ ಇರುವುದೋ ಸರಿಯುತ್ತ ದೊಡ್ಡದಾಗುವುದೋ, ಒಂದು ಕಣ್ಣು ಮುಚ್ಚಿದರೂ ಇರುವುದೋ, ಅಕ್ಕಿ ಬೇಯುವಷ್ಟು ಹೊತ್ತು ಇರುವುದೋ ರೆಪ್ಪೆ ಬಡಿಯುವಷ್ಟೋ. ಹೊಳೆಯುವುದೆಂದರೆ ಮಾಲಾ-ಡಿಯನ್ನು ಚೀಲದಲ್ಲಿಯೇ ಇಟ್ಟುಕೊಂಡು, ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕರೆದುಕೊಂಡು ಹೋಗತಕ್ಕದ್ದು.